ಕೈ ಎತ್ತಿದ ಮಾತ್ರಕ್ಕೆ ಹೊಸ ಹುಟ್ಟೇ?

ಉಜ್ಜೀವನ ಕೂಟದ ಕೊನೆಯ ಕಾಲು ಗಂಟೆ ಹೇಗೆ ನಡೆಯುತ್ತದೆಂಬುದು ನಮ್ಮ ಸಭೆಗಳಲ್ಲಿ ಬೆಳೆದವರಿಗೆ ಬಾಯಿಪಾಠ. ಕೀಬೋರ್ಡಿನ ದನಿ ಮೆಲ್ಲಗಾಗುತ್ತದೆ. ಎಲ್ಲರೂ ಕಣ್ಣು ಮುಚ್ಚಿ ತಲೆ ಬಾಗಿಸಿ ಎಂದು ಅಪ್ಪಣೆಯಾಗುತ್ತದೆ. ಯೇಸು ಬಾಗಿಲಲ್ಲಿ ನಿಂತಿದ್ದಾನೆ, ತೆರೆಯುವುದು ನಿಮ್ಮ ಕೈಯಲ್ಲಿದೆ, ಈ ರಾತ್ರಿ ತೀರ್ಮಾನ ಮಾಡದಿದ್ದರೆ ನಾಳೆ ಇರುತ್ತೀರೋ ಇಲ್ಲವೋ ಎಂದು ಬೋಧಕರು ಕರೆಯುತ್ತಾರೆ. ಅಲ್ಲೊಂದು ಇಲ್ಲೊಂದು ಕೈ ಮೇಲೇಳುತ್ತದೆ. ಕೈ ಎತ್ತಿದವರು ಮುಂದೆ ಬಂದು ಬೋಧಕರು ಹೇಳಿಕೊಟ್ಟ ಐದಾರು ಸಾಲಿನ ಪ್ರಾರ್ಥನೆಯನ್ನು ಒಪ್ಪಿಸುತ್ತಾರೆ. ಕೂಡಲೇ ಘೋಷಣೆ: ನೀವೀಗ ದೇವರ ಮಕ್ಕಳು, ನಿಮಗೆ ಹೊಸ ಹುಟ್ಟಾಯಿತು, ಇವತ್ತಿನ ತಾರೀಕನ್ನು ಬೈಬಲಿನ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿ. ಮರುದಿನ ವರದಿಗೆ ಒಂದು ಅಂಕಿ ಸೇರುತ್ತದೆ.

ಈ ಕ್ರಮದ ಹಿಂದೆ ಒಂದು ಸಿದ್ಧಾಂತವಿದೆ. ದೇವರು ತನ್ನ ಪಾಲಿನ ಕೆಲಸ ಮುಗಿಸಿ ಕಾಯುತ್ತಿದ್ದಾನೆ. ಉಳಿದದ್ದು ಮನುಷ್ಯನ ಪಾಲು. ಮನುಷ್ಯ ಮನಸ್ಸು ಮಾಡಿದ ಕ್ಷಣದಲ್ಲಿ ಹೊಸ ಹುಟ್ಟು ಆಗುತ್ತದೆ. ಆ ಮನಸ್ಸು ಮಾಡಿಸುವುದೇ ಬೋಧಕನ ಕೆಲಸ. ಪೆಂತೆಕೋಸ್ತ ಸಭೆಗಳಲ್ಲಿ, ಸ್ವತಂತ್ರ ಸಭೆಗಳಲ್ಲಿ, ಈಚೀಚೆಗೆ ಹಳೆಯ ಮಿಷನ್ ಸಭೆಗಳ ಯುವಜನ ಶಿಬಿರಗಳಲ್ಲೂ ಇದು ಪ್ರಶ್ನೆಯಿಲ್ಲದೆ ನಡೆಯುತ್ತಿದೆ. ಪ್ರಶ್ನಿಸಿದವರಿಗೆ ಆತ್ಮಗಳ ಭಾರವಿಲ್ಲದವರು ಎಂಬ ಹೆಸರು. ನನ್ನ ವಾದ ಇಷ್ಟೇ: ಈ ಸಿದ್ಧಾಂತ ಬೈಬಲಿನದಲ್ಲ. ಬೈಬಲು ಹೊಸ ಹುಟ್ಟಿನ ಮೂಲವೆಂದು ತೋರಿಸುವುದು ದೇವರ ಚಿತ್ತವನ್ನು, ಸಾಧನವೆಂದು ತೋರಿಸುವುದು ದೇವರ ವಾಕ್ಯವನ್ನು. ಇವೆರಡನ್ನೂ ಪಕ್ಕಕ್ಕೆ ಸರಿಸಿ ಮನುಷ್ಯನ ತೀರ್ಮಾನವನ್ನು ಆ ಜಾಗದಲ್ಲಿ ಕೂರಿಸಿದ್ದರಿಂದ ಸಭೆಗೆ ಆದದ್ದು ನಷ್ಟವೇ.

ಹೊಸ ಹುಟ್ಟಿನ ಮಾತು ಬಂದಾಗಲೆಲ್ಲ ಯೋಹಾನನ ಸುವಾರ್ತೆಯ 3ನೆಯ ಅಧ್ಯಾಯವನ್ನು ತೆರೆಯುವುದು ವಾಡಿಕೆ. ಆದರೆ ಅಧ್ಯಾಯಗಳ ಗೆರೆ ಎಳೆದವನು ಯೋಹಾನನಲ್ಲ. ಅದು ಶತಮಾನಗಳು ಕಳೆದ ಮೇಲೆ ಓದುವವರ ಅನುಕೂಲಕ್ಕೆ ಬಂದದ್ದು. ಆ ಗೆರೆಯನ್ನು ಮರೆತು 2ನೆಯ ಅಧ್ಯಾಯದ ಕೊನೆಯಿಂದ ಓದಿ ನೋಡಿ. ಪಸ್ಕಹಬ್ಬದ ದಿನಗಳಲ್ಲಿ ಯೆರೂಸಲೇಮಿನಲ್ಲಿ ಸೂಚಕಕಾರ್ಯಗಳನ್ನು ಕಂಡ ಅನೇಕರು ಯೇಸುವಿನ ಹೆಸರಿನಲ್ಲಿ ನಂಬಿಕೆಯಿಟ್ಟರೆಂದು ಅಲ್ಲಿದೆ. ಇಂದಿನ ಕೂಟವಾಗಿದ್ದರೆ ಲೆಕ್ಕ ಅಲ್ಲಿಗೆ ಮುಗಿದು ಸ್ತೋತ್ರಗೀತೆ ಶುರುವಾಗುತ್ತಿತ್ತು. ಯೇಸು ಮಾತ್ರ ಅವರ ಮೇಲೆ ಭರವಸೆಯಿಡಲಿಲ್ಲ. ಮನುಷ್ಯನ ಒಳಗೇನಿದೆ ಎಂಬುದು ಅವನಿಗೆ ತಿಳಿದಿತ್ತು. ಅದರ ಬೆನ್ನಿಗೇ, ಆ ಗುಂಪಿನಿಂದ ಎದ್ದುಬಂದ ಒಬ್ಬ ಮಾದರಿಯಂತೆ, ನಿಕೊದೇಮ ಕಾಣಿಸಿಕೊಳ್ಳುತ್ತಾನೆ. ಫರಿಸಾಯ, ಯೆಹೂದ್ಯರ ಹಿರಿಯ, ಶಾಸ್ತ್ರ ಕಲಿಸುವವನು, ಸೂಚಕಕಾರ್ಯಗಳನ್ನು ಮೆಚ್ಚಿದವನು. ಯಾರೂ ಕರೆಯದೆ ರಾತ್ರಿಯಲ್ಲಿ ತಾನೇ ಎದ್ದು ಬಂದವನು, ಬಾಯ್ತುಂಬ ಗೌರವದ ಮಾತು ಹೊತ್ತು ಬಂದವನು.

ಇಂಥವನು ನಮ್ಮ ಕೂಟಕ್ಕೆ ಬಂದಿದ್ದರೆ ಹತ್ತು ನಿಮಿಷದಲ್ಲಿ ರಕ್ಷಣೆ ಹೊಂದಿದವನೆಂದು ಬರೆದುಕೊಳ್ಳುತ್ತಿದ್ದೆವು. ಯೇಸು ಅವನಿಗೆ ಯಾವ ಪ್ರಾರ್ಥನೆಯನ್ನೂ ಹೇಳಿಕೊಡಲಿಲ್ಲ. ಹೊಸದಾಗಿ ಹುಟ್ಟದವನಿಗೆ ದೇವರ ರಾಜ್ಯ ಕಣ್ಣಿಗೂ ಬೀಳದು ಎಂದನು. ಗಾಳಿಯ ಸದ್ದು ಕೇಳಿಸುತ್ತದೆ, ಅದು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದು ಮಾತ್ರ ಗೊತ್ತಾಗದು, ಆತ್ಮನಿಂದ ಹುಟ್ಟಿದವರ ಸಂಗತಿಯೂ ಹಾಗೆಯೇ ಎಂದನು. ಇದೆಲ್ಲ ಹೇಗಾದೀತು ಎಂದು ನಿಕೊದೇಮ ಕೇಳಿದ ಪ್ರಶ್ನೆಯೇ ಆ ರಾತ್ರಿ ಅವನ ಬಾಯಿಂದ ಬಂದ ಕೊನೆಯ ಮಾತು. ತೀರ್ಮಾನ ಮಾಡಿದನೆಂದಾಗಲಿ ಮಾಡಲಿಲ್ಲವೆಂದಾಗಲಿ ಬರೆದಿಲ್ಲ. ಮುಂದೆ 7ನೆಯ ಅಧ್ಯಾಯದಲ್ಲಿ ಅವನು ತನ್ನವರ ಮಧ್ಯೆ ಯೇಸುವಿನ ಪರವಾಗಿ ಒಂದು ನ್ಯಾಯದ ಮಾತಾಡಿ ಬೈಸಿಕೊಳ್ಳುತ್ತಾನೆ. 19ನೆಯ ಅಧ್ಯಾಯದಲ್ಲಿ, ಯೇಸು ಶಿಲುಬೆಯ ಮೇಲೆ ಪ್ರಾಣಬಿಟ್ಟ ಮೇಲೆ, ನೂರು ಸೇರಿನಷ್ಟು ಸುಗಂಧದ್ರವ್ಯ ಹೊರಿಸಿಕೊಂಡು ಅವನ ಶವಸಂಸ್ಕಾರಕ್ಕೆ ಬರುತ್ತಾನೆ. ಈ ಮನುಷ್ಯ ಯಾವ ತಾರೀಕಿನಂದು ಹೊಸದಾಗಿ ಹುಟ್ಟಿದ? ಯೋಹಾನನಿಗೆ ಆ ಪ್ರಶ್ನೆಯೇ ಬೇಕಿಲ್ಲ. ಹೊಸ ಹುಟ್ಟನ್ನು ಕುರಿತ ಅತಿ ಪ್ರಸಿದ್ಧ ಅಧ್ಯಾಯದಲ್ಲೇ ನಮ್ಮ ಕೂಟಗಳ ಪದ್ಧತಿಗೆ ಒಂದೇ ಒಂದು ಆಧಾರವಿಲ್ಲ.

ಅದೇ ಅಧ್ಯಾಯದಲ್ಲಿ, ನಂಬುವವರಿಗೆಲ್ಲ ನಿತ್ಯಜೀವವಿದೆ ಎಂದೂ ಇದೆಯಲ್ಲ ಎಂದು ಯಾರಾದರೂ ಕೇಳಬಹುದು. ಇದೆ, ಮತ್ತು ಅದನ್ನು ತಳ್ಳಿಹಾಕುವವನು ಕ್ರೈಸ್ತನೇ ಅಲ್ಲ. ನಂಬಿಕೆ ಬೇಕೋ ಬೇಡವೋ ಎಂಬುದು ಇಲ್ಲಿನ ಜಗಳವಲ್ಲ. ನಂಬಿಕೆ ಹುಟ್ಟನ್ನು ತರುತ್ತದೆಯೋ, ಹುಟ್ಟು ನಂಬಿಕೆಯನ್ನು ತರುತ್ತದೆಯೋ ಎಂಬುದು ಜಗಳ. ಇದಕ್ಕೆ ಯೋಹಾನ ತನ್ನ ಸುವಾರ್ತೆಯ ಮೊದಲ ಅಧ್ಯಾಯದಲ್ಲೇ ಉತ್ತರ ಕೊಟ್ಟಿದ್ದಾನೆ. ದೇವರ ಮಕ್ಕಳಾದವರ ಹುಟ್ಟಿಗೆ ರಕ್ತಸಂಬಂಧ ಕಾರಣವಲ್ಲ, ಶರೀರದ ಇಚ್ಛೆ ಕಾರಣವಲ್ಲ, ಮನುಷ್ಯನ ಸಂಕಲ್ಪವೂ ಕಾರಣವಲ್ಲ, ದೇವರೇ ಕಾರಣ ಎಂಬುದು 13ನೆಯ ವಚನದ ತಾತ್ಪರ್ಯ. ಯಾಕೋಬ ತನ್ನ ಪತ್ರಿಕೆಯ 1ನೆಯ ಅಧ್ಯಾಯದ 18ನೆಯ ವಚನದಲ್ಲಿ ಚಿತ್ತ, ವಾಕ್ಯ ಎರಡನ್ನೂ ಕೂಡಿಸಿ ಹೇಳುತ್ತಾನೆ: ದೇವರು ತನ್ನ ಚಿತ್ತದಂತೆ, ಸತ್ಯವಾಕ್ಯದ ಮೂಲಕ ನಮ್ಮನ್ನು ಹೆತ್ತನು. ಪೇತ್ರನ ಮೊದಲ ಪತ್ರಿಕೆಯ 1ನೆಯ ಅಧ್ಯಾಯ ಆ ವಾಕ್ಯವನ್ನು ನಾಶವಾಗದ ಬೀಜ ಎನ್ನುತ್ತದೆ. ಮೂವರು ಅಪೊಸ್ತಲ ಕಾಲದ ಸಾಕ್ಷಿಗಳು, ಮೂರು ಬೇರೆ ಬರಹಗಳು, ಒಂದೇ ಸಾಕ್ಷ್ಯ. ಹುಟ್ಟುವವನು ತನ್ನ ಹುಟ್ಟಿಗೆ ಒಪ್ಪಿಗೆ ಕೊಟ್ಟ ಸುದ್ದಿ ಈ ಮೂರರಲ್ಲಿ ಎಲ್ಲಿಯೂ ಇಲ್ಲ.

ಯೋಹಾನ ಬೇಡವೆಂದ ಮೂರರಲ್ಲಿ ಮೊದಲನೆಯದು ನಮ್ಮ ಹಳೆಯ ಸಭೆಗಳಿಗೆ ತಟ್ಟಬೇಕು. ಅಜ್ಜನ ಕಾಲದಿಂದ ಇದೇ ಸಭೆ, ಇದೇ ಬೆಂಚು, ಮಗುವಿದ್ದಾಗಲೇ ದೀಕ್ಷಾಸ್ನಾನ, ಹದಿನಾರಕ್ಕೆ ದೃಢೀಕರಣ, ಆದ್ದರಿಂದ ನಾವು ಕ್ರೈಸ್ತರು ಎನ್ನುವವರು ರಕ್ತಸಂಬಂಧವನ್ನೇ ನೆಚ್ಚಿದ್ದಾರೆ. ಉಜ್ಜೀವನದವರು ಇವರನ್ನು ಟೀಕಿಸಿದ್ದು ಸರಿಯಾಗಿಯೇ ಇದೆ. ಆದರೆ ಮೊದಲನೆಯ ತಪ್ಪನ್ನು ತೋರಿಸಿದವರು ಮೂರನೆಯದರಲ್ಲಿ ಬಿದ್ದಿದ್ದಾರೆ. ವಂಶದ ಬದಲು ಸಂಕಲ್ಪವನ್ನು ತಂದಿಟ್ಟರು. ದೇವರಿಗೆ ಮಾತ್ರ ಬಿಟ್ಟ ಜಾಗ ಎರಡೂ ಕಡೆ ಮನುಷ್ಯನದೇ ಆಯಿತು.

ಇನ್ನು ಅವರು ಹೆಚ್ಚಾಗಿ ಎತ್ತುವ ವಚನಗಳನ್ನು ನೋಡೋಣ. ಯೇಸು ಬಾಗಿಲು ತಟ್ಟುವ ಚಿತ್ರ ಪ್ರಕಟನೆ 3ನೆಯ ಅಧ್ಯಾಯದ 20ನೆಯ ವಚನದ್ದು. ಅದು ಯಾರಿಗೆ ಬರೆದದ್ದು? ಲವೊದಿಕೀಯದ ಸಭೆಗೆ, ಅಂದರೆ ಆಗಲೇ ಕ್ರೈಸ್ತರೆನಿಸಿಕೊಂಡು ಬೆಚ್ಚಗೂ ಇಲ್ಲದೆ ತಣ್ಣಗೂ ಇಲ್ಲದೆ ಕುಳಿತಿದ್ದವರಿಗೆ. ಸುವಾರ್ತೆ ಕೇಳದವನ ಹೃದಯದ ಬಾಗಿಲಿನ ಮಾತು ಆ ಪತ್ರದಲ್ಲಿಲ್ಲ. ರೋಮಾಪುರದವರಿಗೆ ಬರೆದ ಪತ್ರಿಕೆಯ 10ನೆಯ ಅಧ್ಯಾಯದಲ್ಲಿ ಬಾಯಿಂದ ಅರಿಕೆಮಾಡಿ ಹೃದಯದಿಂದ ನಂಬುವ ಮಾತಿದೆ ನಿಜ. ಅದೇ ಅಧ್ಯಾಯದಲ್ಲಿ ಪೌಲ ಮೆಟ್ಟಿಲು ಮೆಟ್ಟಿಲಾಗಿ ಹಿಂದಕ್ಕೆ ಹೋಗುತ್ತಾನೆ: ನಂಬದೆ ಕರೆಯುವುದು ಹೇಗೆ, ಕೇಳದೆ ನಂಬುವುದು ಹೇಗೆ, ಸಾರುವವನಿಲ್ಲದೆ ಕೇಳುವುದು ಹೇಗೆ? ಕೊನೆಗೆ ನಂಬಿಕೆ ಕ್ರಿಸ್ತನ ವಾಕ್ಯವನ್ನು ಕೇಳುವುದರಿಂದ ಬರುತ್ತದೆ ಎಂದು ನಿಲ್ಲಿಸುತ್ತಾನೆ. ಬಾಯಿಯ ಅರಿಕೆ ಆ ಸಾಲಿನ ತುದಿಯಲ್ಲಿ ಬರುವ ಫಲ. ಫಲವನ್ನು ಕಿತ್ತು ತಂದು ಬೇರು ಎಂದು ಹೂಳುವುದು ಪೌಲನ ಬೋಧನೆಯಲ್ಲ.

ಮೂರನೆಯದು ಯೆಹೆಜ್ಕೇಲನ 18ನೆಯ ಅಧ್ಯಾಯ. ಹೊಸ ಹೃದಯವನ್ನು ನೀವೇ ಪಡೆದುಕೊಳ್ಳಿ ಎಂದು ದೇವರು ಅಲ್ಲಿ ಆಜ್ಞಾಪಿಸುತ್ತಾನೆ. ಆಜ್ಞೆಯಿದ್ದರೆ ಶಕ್ತಿಯೂ ಇರಲೇಬೇಕಲ್ಲ ಎಂಬುದು ಅವರ ತರ್ಕ. ಅದೇ ಪ್ರವಾದಿಯ 36ನೆಯ ಅಧ್ಯಾಯ ತೆರೆಯಿರಿ: ಕಲ್ಲಿನ ಹೃದಯವನ್ನು ತೆಗೆದು ಹೊಸ ಹೃದಯವನ್ನು ಕೊಡುವವನು ತಾನೇ ಎಂದು ದೇವರು ಹೇಳುತ್ತಾನೆ. ಹಿಂದೆ ಬೇಡಿದ್ದನ್ನು ಮುಂದೆ ತಾನೇ ಕೊಡುತ್ತಾನೆ. 37ನೆಯ ಅಧ್ಯಾಯದಲ್ಲಿ ಒಣಗಿದ ಎಲುಬುಗಳ ಕಣಿವೆ. ಪ್ರವಾದಿ ಎಲುಬುಗಳಿಗೆ ವಾಕ್ಯವನ್ನು ಸಾರಬೇಕು. ಉಸಿರು ಬರುವುದು ದೇವರಿಂದ. ಯಾವ ಎಲುಬೂ ಕೈ ಎತ್ತಿ ಒಪ್ಪಿಗೆ ಸೂಚಿಸಲಿಲ್ಲ. ಆಜ್ಞೆಯೇ ಶಕ್ತಿಯನ್ನು ಹೊತ್ತು ತರುತ್ತದೆ ಎಂಬುದಕ್ಕೆ ಬೇಥಾನ್ಯದ ಲಾಜರನ ಸಮಾಧಿಗಿಂತ ಬೇರೆ ಸಾಕ್ಷಿ ಬೇಕೆ? ಸತ್ತು ನಾಲ್ಕು ದಿನವಾದವನಿಗೆ ಹೊರಗೆ ಬಾ ಎನ್ನಲಾಯಿತು, ಅವನು ಬಂದನು. ಬಂದದ್ದು ಅವನ ಕಾಲೇ. ಬರಿಸಿದ್ದು ಅವನ ಸಂಕಲ್ಪವಲ್ಲ.

ಪಂಚಾಶತ್ತಮ ದಿನದಲ್ಲಿ ಒಂದೇ ದಿನ ಸುಮಾರು ಮೂರು ಸಾವಿರ ಮಂದಿ ಸೇರಲಿಲ್ಲವೇ ಎನ್ನುತ್ತಾರೆ. ಸೇರಿದರು. ಅಂದು ಪೇತ್ರ ಯೋವೇಲನ ಪ್ರವಾದನೆಯನ್ನೂ ಕೀರ್ತನೆಗಳನ್ನೂ ಬಿಡಿಸಿ ಹೇಳಿದ್ದು ಚಿಕ್ಕಂದಿನಿಂದ ಶಾಸ್ತ್ರ ಕೇಳಿ ಬೆಳೆದ ಯೆಹೂದ್ಯರಿಗೆ. ಕೇಳುವಾಗಲೇ ಅವರ ಹೃದಯಕ್ಕೆ ಅಲಗು ನೆಟ್ಟಂತಾಗಿ, ನಾವೇನು ಮಾಡಬೇಕೆಂದು ಅವರೇ ಕೇಳಿದರು. ಫಿಲಿಪ್ಪಿಯ ಸೆರೆಮನೆಯ ಯಜಮಾನ ಅದೇ ರಾತ್ರಿ ದೀಕ್ಷಾಸ್ನಾನ ಹೊಂದಿದ. ಆದರೆ ಅದಕ್ಕೆ ಮೊದಲು ಪೌಲ ಸೀಲರು ಅವನಿಗೂ ಅವನ ಮನೆಯವರಿಗೂ ಕರ್ತನ ವಾಕ್ಯವನ್ನು ಹೇಳಿದರೆಂದು ಲೂಕ ಬರೆಯಲು ಮರೆಯುವುದಿಲ್ಲ. ಅದೇ ಊರಿನಲ್ಲಿ ಧೂಮ್ರವರ್ಣದ ಬಟ್ಟೆ ಮಾರುತ್ತಿದ್ದ ಲುದ್ಯಳ ಹೃದಯವನ್ನು ಪೌಲನ ಮಾತಿಗೆ ತೆರೆದವನು ಕರ್ತನು ಎಂದೂ ಅವನೇ ಬರೆಯುತ್ತಾನೆ. ಬಾಗಿಲ ಚಿಲಕ ಒಳಗಡೆ ಮಾತ್ರ ಇದೆ ಎಂದು ಸಾರುವವರು ಈ ವಚನದ ಮೇಲೆ ಒಂದು ಪ್ರಸಂಗ ಮಾಡಲಿ. ಹಾಗೆಯೇ ಸಮಾರ್ಯದ ಸಿಮೋನನ ಮೇಲೂ ಒಂದು. ಅವನು ನಂಬಿದ, ದೀಕ್ಷಾಸ್ನಾನ ಹೊಂದಿದ, ಫಿಲಿಪ್ಪನ ಜೊತೆಯಲ್ಲೇ ಇದ್ದ. ಪೇತ್ರ ಅವನಿಗೆ ಹೇಳಿದ್ದು, ನಿನ್ನ ಹೃದಯ ದೇವರ ಮುಂದೆ ನೆಟ್ಟಗಿಲ್ಲ ಎಂದು.

ಹಾಗಾದರೆ ಈ ಪದ್ಧತಿ ಬಂದದ್ದೆಲ್ಲಿಂದ? ಅಪೊಸ್ತಲರಿಂದ ಬರಲಿಲ್ಲ, ಸುಧಾರಕರಿಂದಲೂ ಬರಲಿಲ್ಲ. 18ನೆಯ ಶತಮಾನದಲ್ಲಿ ಬಯಲಿನಲ್ಲಿ ಸಾವಿರಾರು ಜನರಿಗೆ ಸಾರಿದ ಜಾರ್ಜ್ ವಿಟ್‌ಫೀಲ್ಡ್ ಜನರನ್ನು ಮುಂದೆ ಕರೆದು ಎಣಿಸಲಿಲ್ಲ. ಅಮೆರಿಕದ ನಾರ್ಥಾಂಪ್ಟನ್ನಿನಲ್ಲಿ 1734-35ರ ಉಜ್ಜೀವನವನ್ನು ಕಣ್ಣಾರೆ ಕಂಡ ಜೊನಾಥನ್ ಎಡ್ವರ್ಡ್ಸ್, ಅತ್ತದ್ದು ನಡುಗಿದ್ದು ಯಾವುದೂ ಹೊಸ ಹುಟ್ಟಿನ ಖಚಿತ ಗುರುತಲ್ಲ ಎಂದು 1746ರಲ್ಲಿ ಒಂದು ದೊಡ್ಡ ಗ್ರಂಥವನ್ನೇ ಬರೆದ. ಮುಂದೆ ಕರೆಯುವ ರೂಢಿ ಅಮೆರಿಕದ ಶಿಬಿರ ಕೂಟಗಳಲ್ಲಿ ಮೊಳೆತು, ವಕೀಲಿ ಕಲಿತು ಬೋಧಕನಾದ ಚಾರ್ಲ್ಸ್ ಫಿನ್ನಿಯ ಕೈಯಲ್ಲಿ ಪದ್ಧತಿಯಾಯಿತು. 1830-31ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರಿನಲ್ಲಿ ಅವನು ವ್ಯಾಕುಲಗೊಂಡವರಿಗಾಗಿ ಮುಂದಿನ ಆಸನಗಳನ್ನು ಮೀಸಲಿಟ್ಟ. ಉಜ್ಜೀವನ ಒಂದು ಅದ್ಭುತವಲ್ಲ, ಸರಿಯಾದ ಸಾಧನಗಳನ್ನು ಸರಿಯಾಗಿ ಬಳಸಿದರೆ ಬರುವ ಫಲ ಎಂದು 1835ರ ತನ್ನ ಉಪನ್ಯಾಸಗಳಲ್ಲಿ ವಾದಿಸಿದ. ಪಾಪಿಗಳು ತಮ್ಮ ಹೃದಯವನ್ನು ತಾವೇ ಬದಲಿಸಿಕೊಳ್ಳಲು ಬದ್ಧರು ಎಂಬುದು ಅವನ ಒಂದು ಪ್ರಸಂಗದ ಶೀರ್ಷಿಕೆಯೇ. ಅದಕ್ಕೆ ಅವನು ಆರಿಸಿಕೊಂಡದ್ದು ಯೆಹೆಜ್ಕೇಲನ ಅದೇ 18ನೆಯ ಅಧ್ಯಾಯವನ್ನು.

ಆ ಕಾಲದಲ್ಲೇ ಇದಕ್ಕೆ ವಿರೋಧ ಬಂತು. ಪೆನ್ಸಿಲ್ವೇನಿಯದ ಮರ್ಸರ್ಸ್‌ಬರ್ಗಿನ ದೈವಜ್ಞಾನ ಶಾಲೆಯಲ್ಲಿದ್ದ ಜಾನ್ ನೆವಿನ್ 1843ರಲ್ಲಿ ಒಂದು ಖಂಡನ ಪುಸ್ತಿಕೆ ಬರೆದು, ಸಭೆಯ ಮುಂದೆ ಎರಡು ದಾರಿಗಳಿವೆ ಎಂದ: ಫಿನ್ನಿ ಮೀಸಲಿಟ್ಟಂಥ ಮುಂದಿನ ಬೆಂಚಿನ ದಾರಿ, ಪ್ರಶ್ನೋತ್ತರ ಪಾಠದ ದಾರಿ. ಬೆಂಚು ಕ್ಷಣದ ಕಾವನ್ನು ನಂಬುತ್ತದೆ, ಪಾಠ ವಾಕ್ಯವನ್ನು ನಂಬುತ್ತದೆ. ಸಭೆಗಳು ಬೆಂಚನ್ನೇ ಆರಿಸಿಕೊಂಡವು. 20ನೆಯ ಶತಮಾನದಲ್ಲಿ ಬಿಲ್ಲಿ ಗ್ರಹಾಂ ಅವರ ಬೃಹತ್ ಕೂಟಗಳಲ್ಲಿ ಅದು ತೀರ್ಮಾನದ ಕಾರ್ಡಾಯಿತು. ಅವರು 1956ರಲ್ಲಿ ಭಾರತಕ್ಕೂ ಬಂದಿದ್ದರು. 1979ರಲ್ಲಿ ಬಂದ ಜೀಸಸ್ ಚಲನಚಿತ್ರ ಕನ್ನಡವೂ ಸೇರಿದಂತೆ ಸಾವಿರಕ್ಕೂ ಹೆಚ್ಚು ಭಾಷೆಗಳಿಗೆ ಹೋಯಿತು. ಅದರ ಕೊನೆಯಲ್ಲೂ ಹೇಳಿಕೊಟ್ಟಂತೆ ಹೇಳಬೇಕಾದ ಪ್ರಾರ್ಥನೆಯಿದೆ. ಎರಡು ಸಾವಿರ ವರ್ಷದ ವಿಶ್ವಾಸ ಎಂದು ನಮ್ಮವರು ಹಿಡಿದುಕೊಂಡದ್ದು ಇನ್ನೂರು ವರ್ಷದ ಅಮೆರಿಕನ್ ರೂಢಿ.

ಇದನ್ನು ಕ್ಯಾಲ್ವಿನ್ ಕಡೆಯವರಿಗೂ ಅರ್ಮಿನಿಯಸ್ ಕಡೆಯವರಿಗೂ ಇರುವ ಹಳೆಯ ಜಗಳವೆಂದು ಬದಿಗಿಡುವಂತಿಲ್ಲ. ಅರ್ಮಿನಿಯಸನ ಅನುಯಾಯಿಗಳು 1610ರಲ್ಲಿ ಹಾಲೆಂಡಿನಲ್ಲಿ ಮಂಡಿಸಿದ ಐದು ಅಂಶಗಳಲ್ಲಿ ಮೂರನೆಯದು, ಮನುಷ್ಯ ತನ್ನ ಸ್ವಂತ ಇಚ್ಛೆಯ ಬಲದಿಂದ ರಕ್ಷಣೆಯ ನಂಬಿಕೆಯನ್ನು ಪಡೆಯಲಾರ, ಪವಿತ್ರಾತ್ಮನ ಮೂಲಕ ದೇವರಿಂದ ಮತ್ತೆ ಹುಟ್ಟಬೇಕು ಎನ್ನುತ್ತದೆ. ಜಾನ್ ವೆಸ್ಲಿ ಕ್ಯಾಲ್ವಿನ್‌ವಾದವನ್ನು ಜೀವಮಾನವಿಡೀ ವಿರೋಧಿಸಿದ. ಅವನೂ ದೇವರ ಕೃಪೆ ಮುಂದಾಗಿ ಬಂದು ಎಬ್ಬಿಸದಿದ್ದರೆ ಮನುಷ್ಯ ಒಂದು ಹೆಜ್ಜೆಯೂ ಇಡಲಾರನೆಂದೇ ಕಲಿಸಿದ. 529ರಲ್ಲಿ ಆರೆಂಜಿನ ಸಭಾಕೂಟ, ನಂಬಿಕೆಯ ಆರಂಭವೂ ಕೃಪೆಯದೇ ಎಂದು ನಿರ್ಣಯಿಸಿತ್ತು. ದೇವರು ಕಾಯುತ್ತಿದ್ದಾನೆ, ಮೊದಲ ಹೆಜ್ಜೆ ನಿನ್ನದು ಎನ್ನುವ ನಮ್ಮ ಕೂಟಗಳು ಅರ್ಮಿನಿಯಸನನ್ನೂ ದಾಟಿ, ಮನುಷ್ಯ ತನ್ನ ಇಚ್ಛೆಯ ಬಲದಿಂದಲೇ ದೇವರ ಕಡೆಗೆ ತಿರುಗಬಲ್ಲ ಎಂದ ಪೆಲೇಗಿಯಸನ ಹೊಸ್ತಿಲಿಗೆ ಬಂದು ನಿಂತಿವೆ.

ಎಲ್ಲವೂ ದೇವರ ಚಿತ್ತವಾದರೆ ಸುವಾರ್ತೆ ಸಾರುವುದೇಕೆ, ಸುಮ್ಮನೆ ಕುಳಿತರಾಯಿತಲ್ಲ ಎಂಬುದು ಅವರ ಕೊನೆಯ ಅಸ್ತ್ರ. ಇದಕ್ಕೆ ಉತ್ತರ ನಮ್ಮ ನಾಡಿನಲ್ಲೇ ಇದೆ. ಲಂಡನ್ ಮಿಷನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಬಂದವರು ಕನ್ನಡ ಕಲಿತರು, ಬೈಬಲಿನ ಅನುವಾದಕ್ಕೆ ಕುಳಿತರು. ಪೂರ್ಣ ಕನ್ನಡ ಬೈಬಲು ಹೊರಬಂದದ್ದು 1831ರಲ್ಲಿ. ಎರಡು ದಶಕ. ಹೊಸ ಹುಟ್ಟು ಜನರ ಭಾವನೆ ಕಾಯಿಸುವುದರಿಂದ ಆಗುತ್ತದೆಂದು ನಂಬಿದವರು ಇಷ್ಟು ಕಾಲ ವ್ಯಾಕರಣದ ಜೊತೆ ಗುದ್ದಾಡುವುದಿಲ್ಲ. ದೇವರು ತನ್ನ ವಾಕ್ಯದಿಂದಲೇ ಹೆರುತ್ತಾನೆ ಎಂದಾದರೆ ವಾಕ್ಯವನ್ನು ಜನರ ಕೈಗಿಡುವುದೇ ಮೊದಲ ಕೆಲಸ, ಹುಟ್ಟಿಸುವುದು ಅವನಿಗೆ ಸೇರಿದ್ದು. ಬಂಗಾಳದ ವಿಲಿಯಂ ಕೇರಿಯೂ ಕೃಪೆಯ ಸಾರ್ವಭೌಮತ್ವವನ್ನು ಒಪ್ಪಿದ ಬ್ಯಾಪ್ಟಿಸ್ಟರ ಪೈಕಿಯವನೇ. ಅವನಷ್ಟು ದುಡಿದವರನ್ನು ಈಗಿನ ಕೂಟಗಳವರು ತೋರಿಸಲಿ. ದೇವರ ಚಿತ್ತದ ಮೇಲಿನ ನಂಬಿಕೆ ಅವರನ್ನು ಸೋಮಾರಿಗಳನ್ನಾಗಿ ಮಾಡಲಿಲ್ಲ, ಅವಸರದಿಂದ ಬಿಡಿಸಿತು.

ಅವಸರದವರು ನಮ್ಮನ್ನು ಇನ್ನೊಂದು ಇಕ್ಕಟ್ಟಿಗೂ ಸಿಕ್ಕಿಸಿದ್ದಾರೆ. ಕರ್ನಾಟಕದಲ್ಲಿ 2022ರಲ್ಲಿ ಮತಾಂತರ ನಿಷೇಧ ಕಾಯ್ದೆ ಬಂದಾಗ ನಮ್ಮಲ್ಲಿ ಅನೇಕರು ಕೊಟ್ಟ ಉತ್ತರ, ಯಾರೂ ಯಾರನ್ನೂ ಮತಾಂತರಿಸಲಾರರು, ಹೃದಯ ಬದಲಿಸುವುದು ದೇವರೊಬ್ಬನೇ ಎಂದು. ಸತ್ಯವಾದ ಉತ್ತರ. ಆ ಕಾಯ್ದೆ ಅನ್ಯಾಯವೆಂದೇ ನಾನೂ ತಿಳಿದಿದ್ದೇನೆ. ಆದರೆ ಹೊರಗಿನವರ ಮುಂದೆ ಹೀಗೆ ಹೇಳಿ, ಒಳಗೆ ಇಂತಿಷ್ಟು ಆತ್ಮಗಳನ್ನು ಗೆದ್ದೆವು ಎಂದು ವರದಿ ಬರೆಯುವುದು ಎರಡು ನಾಲಿಗೆಯ ಮಾತು. ಒಬ್ಬ ಮನುಷ್ಯ ಇನ್ನೊಬ್ಬನ ಹೃದಯವನ್ನು ತಿರುಗಿಸಬಲ್ಲ ಎಂಬ ನಂಬಿಕೆಯಲ್ಲಿ ಕಾಯ್ದೆ ಮಾಡಿದವರೂ ಅಂಕಿ ಎಣಿಸುವವರೂ ಒಂದೇ ಪಕ್ಷ.

ಈ ಪದ್ಧತಿಯಿಂದ ಪೆಟ್ಟು ತಿನ್ನುವವರು ಎರಡು ಬಗೆಯವರು. ಒಬ್ಬ ಎಂದೋ ಒಂದು ರಾತ್ರಿ ಕೈ ಎತ್ತಿದವನು. ಅವನ ಕೋಪ, ಕುಡಿತ, ವರದಕ್ಷಿಣೆಯ ಆಸೆ, ಜಾತಿಯ ಹಮ್ಮು ಯಾವುದೂ ಅಲುಗಿಲ್ಲ. ಕೇಳಿದರೆ ಬೈಬಲಿನ ಮೊದಲ ಪುಟದ ತಾರೀಕು ತೋರಿಸುತ್ತಾನೆ. ಅವನಿಗೆ ಸುವಾರ್ತೆ ಮತ್ತೆ ನಾಟುವುದು ಕಷ್ಟ, ಏಕೆಂದರೆ ರಕ್ಷಣೆ ಆಯಿತೆಂದು ಬೋಧಕರೇ ಪ್ರಮಾಣಪತ್ರ ಕೊಟ್ಟಿದ್ದಾರೆ. ಇನ್ನೊಬ್ಬಳು ಮೃದು ಮನಸ್ಸಿನವಳು. ಪ್ರತಿ ಕೂಟದಲ್ಲೂ ಮುಂದೆ ಹೋಗುತ್ತಾಳೆ, ಅದೇ ಪ್ರಾರ್ಥನೆ ಹೇಳುತ್ತಾಳೆ, ಹೋದ ಸಲ ತಾನು ಮನಃಪೂರ್ವಕ ಹೇಳಿದ್ದೆನೋ ಇಲ್ಲವೋ ಎಂದು ಮನೆಯಲ್ಲಿ ಅಳುತ್ತಾಳೆ. ಅವಳ ಕಣ್ಣನ್ನು ಕ್ರಿಸ್ತನ ಕಡೆಯಿಂದ ಅವಳದೇ ಸಂಕಲ್ಪದ ಕಡೆಗೆ ತಿರುಗಿಸಿದವರು ನಾವು. ಇಬ್ಬರಿಗೂ ಕೊಡಬೇಕಾದದ್ದು ಒಂದೇ: ವಾಕ್ಯ. ಒಬ್ಬನ ನೆಮ್ಮದಿಯನ್ನು ಅದು ಕೆಡಿಸುತ್ತದೆ, ಇನ್ನೊಬ್ಬಳ ಭಯವನ್ನು ನೀಗುತ್ತದೆ.

ಕೂಟಗಳಲ್ಲಿ ಕೈ ಎತ್ತಿದ ಕೆಲವರು ನಿಜವಾಗಿಯೂ ಬದಲಾಗಿದ್ದಾರೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಅಲ್ಲಿ ಓದಿದ ವಚನ ಅವರಲ್ಲಿ ಬೇರೂರಿದೆ, ದೇವರು ಕರುಣೆಯಿಂದ ನಮ್ಮ ತಪ್ಪು ಪದ್ಧತಿಯ ನಡುವೆಯೂ ತನ್ನ ಕೆಲಸ ಮಾಡಿದ್ದಾನೆ. ಅದು ದೇವರ ದೊಡ್ಡತನ, ಪದ್ಧತಿಯ ಸಮರ್ಥನೆಯಲ್ಲ.

ಆದ್ದರಿಂದ ಸಭಾಪಾಲಕರಲ್ಲೂ ಸುವಾರ್ತಿಕರಲ್ಲೂ ನನ್ನ ಕೇಳಿಕೆ ನೇರವಾಗಿದೆ. ಕೂಟದ ಕೊನೆಯಲ್ಲಿ ಎಣಿಸುವುದನ್ನು ನಿಲ್ಲಿಸಿ. ಒಬ್ಬರಿಗೆ ಹೊಸ ಹುಟ್ಟಾಯಿತೆಂದು ಆ ರಾತ್ರಿಯೇ ಘೋಷಿಸುವ ಅಧಿಕಾರ ನಿಮಗೆ ಯಾರೂ ಕೊಟ್ಟಿಲ್ಲ. ಮನಸ್ಸು ಕಲಕಿ ಬಂದವರಿಗೆ ಪ್ರಾರ್ಥನೆ ಬಾಯಿಪಾಠ ಮಾಡಿಸದೆ, ಯೋಹಾನನ ಸುವಾರ್ತೆಯನ್ನೋ ಮಾರ್ಕನ ಸುವಾರ್ತೆಯನ್ನೋ ಕೈಗಿಟ್ಟು, ವಾರಕ್ಕೊಂದು ಅಧ್ಯಾಯದಂತೆ ಅವರ ಜೊತೆ ಕುಳಿತು ಓದಿ. ಪಶ್ಚಾತ್ತಾಪಪಟ್ಟು ನಂಬಿರಿ ಎಂದು ಎಲ್ಲರಿಗೂ ಕಂಠವೆತ್ತಿ ಸಾರಿ. ಆ ಆಜ್ಞೆಯನ್ನು ಕರ್ತನೇ ಕೊಟ್ಟಿದ್ದಾನೆ. ದೀಕ್ಷಾಸ್ನಾನಕ್ಕೆ ಬಂದವರನ್ನು ಯಾವ ದಿನ ರಕ್ಷಣೆ ಹೊಂದಿದಿರಿ ಎಂದು ಕೇಳಬೇಡಿ. ಈಗ ಯಾರನ್ನು ನಂಬಿದ್ದೀರಿ, ಏಕೆ ನಂಬಿದ್ದೀರಿ, ಬದುಕಿನಲ್ಲಿ ಏನು ಬದಲಾಗಿದೆ ಎಂದು ಕೇಳಿ. ವಾಕ್ಯವನ್ನು ಸಾರುವುದು ನಮಗೆ ವಹಿಸಿದ ಕೆಲಸ, ಹುಟ್ಟಿಸುವುದು ದೇವರ ಹಕ್ಕು. ಆ ಹಕ್ಕಿಗೆ ಕೈ ಹಾಕಿದ ಪದ್ಧತಿಯನ್ನು ಸಭೆ ಇನ್ನಾದರೂ ಕೈಬಿಡಬೇಕು.